ಪಕ್ಕದ ಹೊಲದವರು ಹಾಕಿಸಲಿ

ಸುಧನ್ವನ ಲ್ಯಾಪ್‌ಟಾಪಿನಲ್ಲಿ ಸಾವಿರ ರೈತರಿದ್ದರು. ಎಲ್ಲರೂ ಜಾಣರು. ಡೀಸೆಲ್ ಪಂಪು ಬಿಟ್ಟು ಸೋಲಾರ್ ಪಂಪು ಹಾಕಿಸಿದರೆ ಸಬ್ಸಿಡಿ ಎಂದರೆ ಸಾಕು, ಲಾಭ ನೋಡಿ ತಕ್ಷಣ ಹೂಂ ಅನ್ನುತ್ತಿದ್ದರು. ರೈತರು ಹೇಗೆ ತೀರ್ಮಾನ ಮಾಡುತ್ತಾರೆಂದು ಸರ್ಕಾರಕ್ಕೆ ಮೊದಲೇ ಹೇಳುವ ಈ ಕಂಪ್ಯೂಟರ್ ಮಾಡೆಲ್ಲೇ ಅವನ ಅನ್ನ. ಅದಕ್ಕೆ ಕಲ್ಲು ಬಿದ್ದದ್ದು ಅಲ್ಲಿನ ಜಿಲ್ಲಾಡಳಿತವಾದ ಕೌಂಟಿಯ ಅಧಿಕಾರಿಯಮ್ಮನ ಒಂದು ಸಣ್ಣ ಪ್ರಶ್ನೆಯಿಂದ: ನಿಜವಾದ ರೈತರನ್ನು ಯಾರನ್ನಾದರೂ ಕೇಳಿದ್ದೀರಾ? ಸಂಜೆಯ ಮೀಟಿಂಗಿನೊಳಗೆ ಕೇಳಿಕೊಂಡು ಬರದಿದ್ದರೆ ಪ್ರಾಜೆಕ್ಟಿಗೆ ಅಲ್ಲೇ ಮಂಗಳ.

ಸುಧನ್ವನಿಗೆ ಪರಿಚಯವಿದ್ದ ರೈತರೆಲ್ಲ ಲ್ಯಾಪ್‌ಟಾಪಿನೊಳಗೇ ಇದ್ದರು. ಎವರ್‌ಗ್ರೀನ್ ಬಡಾವಣೆಯಲ್ಲಿ ಅವನ ಪಕ್ಕದ ಮನೆಯಲ್ಲೇ ಮಗಳು ಅಳಿಯನ ಜೊತೆಗಿದ್ದ ನಂಜುಂಡಸ್ವಾಮಿಗಳು ಬೇಲಿಯಾಚೆಯಿಂದಲೇ ವಿಷಯ ತಿಳಿದುಕೊಂಡು, ಕರೆಯದೆಯೇ ಕಾರು ಹತ್ತಿದರು. ಮಾರ್ಗನ್ ಹಿಲ್‌ನಲ್ಲಿ ಅವರೆಕಾಯಿ ಬೆಳೆಯುವ ಶರೀಫ್ ತಮಗೆ ಬಹಳ ಬೇಕಾದವರು ಎಂದರು. ಬೇಕಾದವರು ಎಂದರೆ, ಕಾಯಿಯಲ್ಲಿ ಸೊಗಡಿಲ್ಲವೆಂದು ಒಮ್ಮೆ ಗ್ರೋಸರಿ ಅಂಗಡಿಯಲ್ಲಿ ಅವರ ಜೊತೆ ಜಗಳವಾಡಿದ್ದರು, ಅಷ್ಟೆ.

ಶರೀಫ್ ಸಾಹೇಬರು ಚಹಾ ಕೊಟ್ಟು, ಲ್ಯಾಪ್‌ಟಾಪಿನ ಲೆಕ್ಕವನ್ನೆಲ್ಲ ಕುತೂಹಲದಿಂದ ನೋಡಿದರು.

"ಲೆಕ್ಕ ಸರಿಯಾಗೇ ಇದೆ ಸಾರ್. ಪಕ್ಕದ ಹೊಲದ ತಿರುಮಲೇಶ ಹಾಕಿಸ್ಲಿ, ನೋಡ್ಕೊಂಡು ನಾನೂ ಹಾಕಿಸ್ತೀನಿ."

ಸುಧನ್ವ ಆಫೀಸಿನ ಶೂ ಕೆಸರು ಮಾಡಿಕೊಂಡು ಪಕ್ಕದ ಹೊಲಕ್ಕೆ ಹೋದ. ರೆಡ್‌ವುಡ್ ಸಿಟಿಯ ಸಾಫ್ಟ್‌ವೇರ್ ಕೆಲಸ ಬಿಟ್ಟು ಟೊಮೆಟೊ ಕೃಷಿ ಹಿಡಿದಿದ್ದ ತಿರುಮಲೇಶ ಲೆಕ್ಕದಲ್ಲಿದ್ದ ಒಂದು ತಪ್ಪನ್ನೂ ತಿದ್ದಿಕೊಟ್ಟ. ಆದರೆ ತಾನು ಕಾಯುತ್ತಿರುವುದು ಶರೀಫ್ ಸಾಹೇಬರಿಗಾಗಿ ಎಂದ. ಸುಧನ್ವ ಅವನನ್ನು ಎಳೆದುಕೊಂಡು ಬಂದು ಇಬ್ಬರನ್ನೂ ಎದುರುಬದುರು ಕೂರಿಸಿದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ನಿಮ್ಮ ಮನೆಯ ಮೇಲೆ ಸೋಲಾರ್ ಇದೆಯಾ ಎಂದು ಅವನನ್ನೇ ಕೇಳಿದರು.

"ನಮ್ಮ ಅಳಿಯ ಹಾಕಿಸ್ಲಿ ಅಂತ ಇವ್ರು ಕಾಯ್ತಿದಾರೆ," ಎಂದರು ನಂಜುಂಡಸ್ವಾಮಿಗಳು ಸುಧನ್ವನ ಕಡೆ ಕೈ ತೋರಿಸಿ. "ಇವ್ರು ಹಾಕಿಸ್ಲಿ ಅಂತ ನಾವು."

ಸುಧನ್ವನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಇದೇಕೆ ಇಷ್ಟು ದಿನ ಹೊಳೆಯಲಿಲ್ಲ ಎಂದು ಆಶ್ಚರ್ಯವಾಯಿತು. ಕಾರಿನಲ್ಲೇ ಕೂತು ತನ್ನ ಸಾವಿರ ರೈತರಿಗೆ ಹೊಸ ಪಾಠ ಹೇಳಿಕೊಟ್ಟ: ಮೊದಲು ಪಕ್ಕದವರನ್ನು ನೋಡಿ. ಗುಂಡಿ ಒತ್ತಿದ. ಒಬ್ಬನೂ ಅಲ್ಲಾಡಲಿಲ್ಲ. ಒಂದು ಹೊಲಕ್ಕೆ ಪುಕ್ಕಟೆ ಪಂಪು ಕೊಟ್ಟು ನೋಡಿದ. ಕುರಿಗಳು ಹಳ್ಳಕ್ಕೆ ಬಿದ್ದ ಹಾಗೆ ಒಬ್ಬರ ಹಿಂದೊಬ್ಬರು ಸಾವಿರ ಜನವೂ ಬಂದರು.

ಸಂಜೆ ಮೀಟಿಂಗಿನಲ್ಲಿ ಎಲ್ಲರೂ ಬೆರಗಾದರು. ಮೊದಲು ಒಬ್ಬರು ಧೈರ್ಯ ಮಾಡಿದರೆ ಉಳಿದವರು ತಾವಾಗಿಯೇ ಬರುತ್ತಾರೆ ಎನ್ನುವುದು ಎಷ್ಟು ದೊಡ್ಡ ಮಾತು ಎಂದು ಅಧಿಕಾರಿಯಮ್ಮ ಎದ್ದು ನಿಂತು ಕೈಕುಲುಕಿದರು. ಈ ಯೋಜನೆಯನ್ನು ತಮ್ಮ ಕೌಂಟಿ ಖಂಡಿತ ಜಾರಿಗೆ ತರುತ್ತದೆ ಎಂದರು.

ಪಕ್ಕದ ಕೌಂಟಿಯವರು ಒಮ್ಮೆ ಮಾಡಿ ತೋರಿಸಲಿ, ಅಲ್ಲಿಯವರೆಗೆ ಪ್ರಾಜೆಕ್ಟು ನಿಂತಿರಲಿ ಎಂದರು.