ಸೋದರಮಾವನ ಸೆಲ್ಫ್ ಮೋಟರು

ಬೀದರಿನ ಅದಾಲತಿನಲ್ಲಿ ನಾನು ಪೇಶಕಾರ. ಮುಕದ್ದಮೆಯ ಕಾಗದಗಳನ್ನು ಸಾಹೇಬರ ಮುಂದಿಡುವುದು, ಕಟಕಟೆಗೆ ಬಂದವನ ಹೆಸರು ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ಇಪ್ಪತ್ತು ವರ್ಷ ಇದನ್ನೇ ಮಾಡಿದ ಮನುಷ್ಯನಿಗೆ, ಎಂಥ ತಪ್ಪಿತಸ್ಥನನ್ನಾದರೂ ಹಿಡಿದೇನು ಎಂಬ ಧೈರ್ಯ ಬಂದುಬಿಡುತ್ತದೆ. ಆ ಧೈರ್ಯದ ಮೇಲೆಯೇ ಭಾಲ್ಕಿಯ ಸಾವುಕಾರರೊಬ್ಬರು ಓಡಿಸಿ ಸಾಕಾಗಿ ಬಿಟ್ಟ ಮೋಟರನ್ನು ಕೊಂಡೆ.

ಅದರ ದೌಲತ್ತೆಲ್ಲ ಸೆಲ್ಫಿನಲ್ಲಿತ್ತು. ಊರಲ್ಲಿ ಉಳಿದವರು ಮೋಟರಿನ ಮುಂದೆ ಬಗ್ಗಿ ಹ್ಯಾಂಡಲ್ ತಿರುವಬೇಕು. ನನ್ನದರಲ್ಲಿ ಕಾಲಡಿಯ ಗುಂಡಿ ಒತ್ತಿದರೆ ಸಾಕು, ಸೆಲ್ಫ್ ತಾನೇ ಇಂಜಿನನ್ನು ತಿರುಗಿಸಿ ಚಾಲೂ ಮಾಡುತ್ತಿತ್ತು.

ಔರಾದಿನಲ್ಲಿ ಅಕ್ಕನ ಮಗಳು ಮಾದೇವಿಯ ಲಗ್ನ ಗೊತ್ತಾಯಿತು. ಭಾವ ತೀರಿಹೋಗಿದ್ದ. ಹುಡುಗಿ ಸೋದರಮಾವ ತಂದ ಸೀರೆ ಉಟ್ಟು, ಅವನ ಕೈ ಹಿಡಿದೇ ಹಂದರಕ್ಕೆ ಬರಬೇಕು. ಆ ಸೋದರಮಾವ ನಾನೊಬ್ಬನೇ. ‘ಹೆಣ್ಣಿನ ಕಡೆ ಗಂಡಸರು ಯಾರವ್ರ?’ ಎಂದು ಬೀಗರು ಎರಡು ಸಲ ಆಡಿದ್ದರಂತೆ. ಅಕ್ಕ ಅದನ್ನು ಹೇಳುವಾಗ ಅತ್ತಿದ್ದಳು. ಮೋಟರಿನಲ್ಲೇ ಹೋಗಿ ಹಂದರದ ಮುಂದೆ ಇಳಿಯಬೇಕು ಎಂದು ಫೈಸಲಾ ಮಾಡಿದೆ.

ಹಿಂದಿನ ಸಂಜೆ ಮೋಟರಿಗೆ ಪೂಜೆ ಮಾಡಿದೆ. ಮದುವೆಗೆ ಬೀಸುಕಲ್ಲಿಗೂ ಒನಕೆಗೂ ಅರಿಶಿನದ ದಾರದ ಕಂಕಣ ಕಟ್ಟುತ್ತಾರೆ. ಮೋಟರೇನು ಪಾಪ ಮಾಡಿತ್ತು? ಸ್ಟೇರಿಂಗಿಗೆ ಕಟ್ಟಿದರೆ ಕೈಗೆ ಅಡ್ಡ. ಮೋಟರಿನ ಜೀವ ಇರುವುದು ಬ್ಯಾಟರಿಯಲ್ಲಲ್ಲವೇ? ಕಾಲಡಿಯ ಹಲಗೆ ಎತ್ತಿ, ತಂತಿಯ ಹಿಡಿಕೆ ಸಡಿಲಿಸಿ, ಬ್ಯಾಟರಿಯ ಗೂಟಕ್ಕೆ ಐದು ಸುತ್ತು ದಾರ ಸುತ್ತಿದೆ. ದಾರಿಯಲ್ಲಿ ಬಿಚ್ಚಿಕೊಳ್ಳಬಾರದೆಂದು ದಾರದ ಮೇಲೆಯೇ ಹಿಡಿಕೆಯನ್ನು ಕೂರಿಸಿದೆ.

“ಹ್ಯಾಂಡಲ್ ತಗೊಂಡು ಹೋಗೂಣ್ರಿ, ಹಾದ್ಯಾಗ ಬೇಕಾಗ್ತದ” ಎಂದಳು ಹೆಂಡತಿ ನಾಗಮ್ಮ.

“ಸೋದರಮಾವ ಶೇರವಾನಿ ಹಾಕ್ಕೊಂಡು ಹ್ಯಾಂಡಲ್ ತಿರುವ್ತಾ ನಿಂದರಬೇಕೇನು? ಮನ್ಯಾಗ ಇರ್ಲಿ ಅದು.”

ಬೆಳಿಗ್ಗೆ ಸೆಲ್ಫ್ ಒಮ್ಮೆ ನರಳಿ ಇಂಜಿನ್ ಚಾಲೂ ಮಾಡಿತು. ಅಕ್ಕಿಕಾಳು ಬೀಳುವ ಮುಹೂರ್ತ ಹನ್ನೆರಡು ಗಂಟೆಗೆ. ಹತ್ತಕ್ಕೆಲ್ಲ ಸಂತಪುರ ದಾಟಿದ್ದೆವು. ಒಂದು ಏರಿನಲ್ಲಿ ಹೊಲದ ಮಂದಿ ಕೆಲಸ ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. ನೋಡಲಿ ಎಂದು ನಿಲ್ಲಿಸಿದೆ. ಅಷ್ಟು ಸಾಲದೆಂದು ಇಂಜಿನನ್ನೂ ಬಂದ್ ಮಾಡಿದೆ. ಕಾಲಿನಿಂದ ಚಾಲೂ ಆಗುವುದನ್ನು ಪಾಪ ಅವರೂ ಕಾಣಬೇಡವೇ?

ಗುಂಡಿ ಒತ್ತಿದೆ. ಟಕ್ ಎಂದಿತು. ಮತ್ತೆ ಒತ್ತಿದೆ. ಮತ್ತೆ ಟಕ್.

ತನಿಖೆ ಶುರುವಾಯಿತು. ಮೊದಲನೇ ಆರೋಪಿ ಬ್ಯಾಟರಿ. ಮೋಟರಿನ ಮುಂದಿನ ದೀಪ ಹಚ್ಚಿ ನೋಡಿದೆ, ಉರಿಯಿತು. ಬ್ಯಾಟರಿಯನ್ನು ಬಾಇಜ್ಜತ್, ಸಕಲ ಮರ್ಯಾದೆಯೊಂದಿಗೆ, ಬಿಡುಗಡೆ ಮಾಡಿದೆ.

ಎದುರಿಗೆ ನಿಂತಿದ್ದ ನಾಗಮ್ಮ ಅಂದಳು: “ನೀವು ಗುಂಡಿ ಒತ್ತಿದ್ರ ದೀಪ ಸಣ್ಣ ಆಗ್ತದ್ರಿ.”

“ಬಿಸಲಾಗ ಹಂಗೇ ಕಾಣ್ತದ. ಸುಮ್ಮನಿರು.”

ಇಡೀ ಮುಕದ್ದಮೆಗೆ ಇದ್ದ ಒಬ್ಬಳೇ ಸಾಕ್ಷಿಯನ್ನು ಹೀಗೆ ವಾಪಸು ಕಳಿಸಿದೆ.

ಎರಡನೇ ಆರೋಪಿ ಸೆಲ್ಫ್. ಅದರ ಹಲ್ಲು ಇಂಜಿನಿಗೆ ಸಿಕ್ಕಿಕೊಂಡಿರಬೇಕೆಂದು ಗೇರು ಹಾಕಿ ಮೋಟರನ್ನು ಹಿಂದೆ ಮುಂದೆ ಅಲ್ಲಾಡಿಸಿದೆ. ಟಕ್. ಒಳಗೆ ಜಿಡ್ಡು ಹಿಡಿದಿರಬೇಕೆಂದು ಕಲ್ಲಿನಿಂದ ಮೆಲ್ಲಗೆ ಬಡಿದೆ, ಆಮೇಲೆ ಜೋರಾಗಿ ಬಡಿದೆ. ಆರೋಪಿ ಬಾಯಿ ಬಿಡಲಿಲ್ಲ. ಶೇರವಾನಿಯಲ್ಲೇ ಮೋಟರಿನ ಕೆಳಗೆ ಅಂಗಾತ ಮಲಗಿದೆ. ಮೂಗಿನ ಮೇಲೆ ಎಣ್ಣೆ ತೊಟ್ಟಿಕ್ಕಿತು. ಹೊಲದ ಮಂದಿ ತಳ್ಳಿ ನೋಡಿದರು. ಏರಿನಲ್ಲಿ ಎರಡು ಮಾರು ಹೋಗಿ ಮೂರು ಮಾರು ಹಿಂದಕ್ಕೆ ಬಂತು. ಸಾಕಾಗಿ ಹೋಯಿತು. ಬಿಟ್ಟು ನಡೆದು ಹೋಗೋಣವೆಂದರೆ ಮರ್ಯಾದೆ ಬಿಡಲಿಲ್ಲ, ಕೂತಿರೋಣವೆಂದರೆ ಹೊತ್ತು ನಿಲ್ಲಲಿಲ್ಲ.

“ಎತ್ತು ಕಟ್ಟಲೇನ್ರಿ ಸಾಹೇಬ್ರ?” ಎಂದ ಹೊಲದ ಮಾಣಿಕಪ್ಪ. ಅವನು ಕೇಳಿದ್ದು ಅದು ಮೂರನೇ ಸಲ. ಹನ್ನೊಂದೂವರೆ ಆಗಿತ್ತು. ಕಟ್ಟಪ್ಪಾ ಎಂದೆ.

ಹೀಗೆ ಸೋದರಮಾವನ ಸವಾರಿ ಔರಾದಿಗೆ ಬಂತು. ಮುಂದೆ ಎರಡು ಎತ್ತು, ನಡುವೆ ಹಗ್ಗ, ಹಿಂದೆ ಸ್ಟೇರಿಂಗ್ ಹಿಡಿದು ನೇರವಾಗಿ ಕೂತ ನಾನು. ಎರಡು ಗಂಟೆ ಹೊಡೆದಿತ್ತು. ಬೀಗರ ಮುಖ ಗಂಟಿಕ್ಕಿತ್ತು. ಬಾಜಾದವರು ಬಾಜಾ ಪಕ್ಕಕ್ಕಿಟ್ಟು ನಿದ್ದೆ ಹೋಗಿದ್ದರು. ಅಕ್ಕ ಮಾತ್ರ ಬಾಗಿಲಿಗೆ ಅಡ್ಡ ಕೂತಿದ್ದಳು. ‘ನಮ್ಮ ತಮ್ಮ ಬರೂತನ ನಮ್ಮ ಹುಡುಗಿ ಏಳಂಗಿಲ್ಲರಿ’ ಎಂದು ಎರಡು ತಾಸು ಇಡೀ ಹಂದರವನ್ನು ತಡೆದು ನಿಲ್ಲಿಸಿದ್ದಳು. ಎತ್ತುಗಳನ್ನು ನೋಡಿದಳು, ನನ್ನ ಮೂಗನ್ನು ನೋಡಿದಳು.

“ಬಂದೆಲ್ಲಪ್ಪಾ, ಸಾಕು” ಎಂದಳು.

ಮಾದೇವಿ ನಾನು ತಂದ ಸೀರೆ ಉಟ್ಟು ಬಂದಳು. ಎಷ್ಟು ತೊಳೆದರೂ ನನ್ನ ಕೈ ಕಪ್ಪಾಗಿಯೇ ಇತ್ತು. ಹಿಂದಕ್ಕೆಳೆದುಕೊಂಡೆ. ಅವಳೇ ಹಿಡಿದುಕೊಂಡಳು. ಹೊಸ ಸೀರೆಯ ಸೆರಗಿಗೆ ನನ್ನ ಐದೂ ಬೆರಳು ಮೂಡಿದವು. ನನಗೆ ಅಳು ಬಂತು. ಎಣ್ಣೆ ಕಣ್ಣಿಗೆ ಹೋಯಿತೆಂದು ಹೇಳಿದೆ.

ಮರುದಿನ ಕಂಕಣ ಬಿಚ್ಚುವ ಶಾಸ್ತ್ರ. ಮದುಮಕ್ಕಳು ತಮ್ಮ ಕೈಯದು ಬಿಚ್ಚಿಕೊಂಡು ಒನಕೆಯದು, ಬೀಸುಕಲ್ಲಿನದು ಬಿಚ್ಚಿದರು. ಆಗ ನಾಗಮ್ಮ ಅಂದಳು: “ಮೋಟರಿಂದೂ ಒಂದು ಅದ. ಬ್ಯಾಟ್ರಿಗಿ ಕಟ್ಟ್ಯಾರ.”

ಬೀಗರ ಮಂದಿಯೆಲ್ಲ ಮೋಟರಿನ ಸುತ್ತ ನೆರೆದರು. ಮಾದೇವಿ ಹಲಗೆ ಎತ್ತಿದಳು. ಅಳಿಯ ತಂತಿಯ ಹಿಡಿಕೆ ಬಿಚ್ಚಿ ದಾರ ಎಳೆದು ಹಾಕಿ, ಹಿಡಿಕೆಯನ್ನು ಗೂಟಕ್ಕೆ ಬಿಗಿಯಾಗಿ ಕೂರಿಸಿದ. ನಾಗಮ್ಮ ಒಳಗೆ ಕೂತು ಕಾಲಿನಿಂದ ಗುಂಡಿ ಒತ್ತಿದಳು.

ಒಂದೇ ಸಲಕ್ಕೆ ಮೋಟರು ಚಾಲೂ ಆಯಿತು.

ಬೀಗರು ನೆಲದ ಮೇಲಿದ್ದ ದಾರವನ್ನು ಎತ್ತಿ ತಿರುಗಿಸಿ ನೋಡಿ ಕೇಳಿದರು: “ಇದನ್ನ ಅಲ್ಲಿ ಕಟ್ಟಿದವರು ಯಾರ್ರಿ?”

ಇಪ್ಪತ್ತು ವರ್ಷ ಕಟಕಟೆಯಲ್ಲಿ ನಿಂತವರ ಹೆಸರು ಕೇಳಿ ಬರೆದುಕೊಂಡವನು ನಾನು. ಅಂದು ಅವರಂತೆಯೇ ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡು, ನನ್ನ ಹೆಸರು ನಾನೇ ಹೇಳಿದೆ.