ತಾಟು ನೋಡಿ ಬಡಿಸಿದ ಸಿಗ್ನಲ್

ಇದು ಎರಡು ವರ್ಷದ ಹಿಂದೆ, ತಿಕೋಟಾ ಕಡೆ ದ್ರಾಕ್ಷಿ ಒಣಗಿಸುವ ಮೂರು ತಿಂಗಳಲ್ಲಿ ನಡೆದದ್ದು. ಊರೂರು ತಿರುಗಿ ಮೊಬೈಲ್ ಸಿಗ್ನಲ್ ಅಳೆಯುವವರಿಗೆ ಇಂಥವು ಆಗುತ್ತಲೇ ಇರುತ್ತವೆ. ಅಳೆದ ಅಂಕಿಗಳು ಮರೆತುಹೋಗಿವೆ, ಇವು ಮಾತ್ರ ಉಳಿದಿವೆ.

ಭೌತಶಾಸ್ತ್ರ ಓದಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಅದು. ಒಂದು ಕಾರು, ಅದರ ಮೇಲೊಂದು ಆಂಟೆನಾ, ಒಳಗೆ ನಾಲ್ಕು ಫೋನು, ಒಂದು ಲ್ಯಾಪ್‌ಟಾಪು. ಕಾರು ಓಡಿಸುವವರು ಅರವತ್ತು ದಾಟಿದ ಚಾಚಾ. ಟವರುಗಳು ತಮ್ಮ ತಮ್ಮಲ್ಲಿ ತರಂಗಾಂತರ ಹಂಚಿಕೊಳ್ಳುವ ಹೊಸ ಪದ್ಧತಿಯನ್ನು ನಾವು ಪರೀಕ್ಷಿಸಬೇಕಿತ್ತು. ಮೇಲಧಿಕಾರಿಯ ಷರತ್ತು ಒಂದೇ: ಕೊನೆಯ ವಾರ ಯಾವ ಊರಿನಿಂದಲೂ ಹತ್ತಕ್ಕಿಂತ ಹೆಚ್ಚು ದೂರು ಬರಬಾರದು. ಬಂದರೆ ಪರೀಕ್ಷೆ ಬಂದ್. ಕಾರು, ಚಾಚಾ, ನಾನು, ಮೂವರೂ ಮನೆಗೆ.

"ನನಗ ಮನ್ಯಾಗ ಕುಂಡ್ರಾಕ ಬರಂಗಿಲ್ಲ ಮೇಡಂ," ಎಂದರು ಚಾಚಾ. "ಹೆಂಗರ ಮಾಡಿ ಪಾಸ್ ಆಗ್ರಿ."

೧. ಜೋರಾಪುರ ಪೇಟೆ

ಸಿಗ್ನಲ್ ಅಳೆಯುವ ಕಾರು ನಿಧಾನ ಹೋಗಬೇಕು, ಒಂದೇ ಓಣಿಯನ್ನು ಮೂರು ಸಲ ಸುತ್ತಬೇಕು. ಮೊದಲ ಸುತ್ತಿನಲ್ಲಿ ಒಬ್ಬ ಅಂಗಡಿಯವರು ಆಂಟೆನಾ ನೋಡಿದರು, ಲ್ಯಾಪ್‌ಟಾಪ್ ನೋಡಿದರು, ಪಕ್ಕದವರ ಕಿವಿಯಲ್ಲಿ ಏನೋ ಅಂದರು. ಎರಡನೇ ಸುತ್ತಿಗೆ ಬಂದಾಗ ಅಂಗಡಿಗಳ ಮುಂದಿನ ತಗಡು, ಹಲಗೆ, ಕೂರುವ ಬಾಂಕುಗಳೆಲ್ಲ ಒಳಗೆ ಹೋಗುತ್ತಿದ್ದವು. ಮೂರನೇ ಸುತ್ತಿನಲ್ಲಿ ಆ ಅಂಗಡಿಯವರೇ ಚಹಾ ಹಿಡಿದು ನಿಂತಿದ್ದರು.

"ಮೇಡಂ, ರಸ್ತಾ ಅಗಲ ಮಾಡೂದಿದ್ರ ಅಳತಿ ಆ ಕಡಿಯಿಂದ ಹಿಡೀರಿ. ನಮ್ಮ ಕಡೆ ಎಲ್ಲಾ ಕರೆಕ್ಟ್ ಐತಿ."

"ನಾವು ಫೋನಿನ ಸಿಗ್ನಲ್ ಅಳ್ಯಾಕತ್ತೀವ್ರಿ."

ಅವರು ಚಹಾ ಕೊಟ್ಟರು. ಕೊಟ್ಟ ಮೇಲೆ ಒಳಗೆ ತಿರುಗಿ, "ಬಾಂಕು ಹೊರಗ ಇಡ್ರಿ," ಎಂದರು.

ಸಿಗ್ನಲ್ ಇದ್ದಷ್ಟೇ ಇತ್ತು. ಓಣಿ ಮಾತ್ರ ಅರ್ಧ ತಾಸು ಮೂರು ಅಡಿ ಅಗಲವಾಗಿತ್ತು.

೨. ತಿಕೋಟಾ

ಬೆಳಿಗ್ಗೆ ಹನ್ನೊಂದಕ್ಕೆ ತಿಕೋಟಾದ ನೆಟ್ ಕುಸಿಯುತ್ತಿತ್ತು. ಶೆಡ್ಡಿನಲ್ಲಿ ಒಣಗಿದ ದ್ರಾಕ್ಷಿಯನ್ನು ಖರೀದಿದಾರರಿಗೆ ಎಲ್ಲರೂ ವಿಡಿಯೋದಲ್ಲಿ ತೋರಿಸುವ ಹೊತ್ತು ಅದು. ಒಂದು ಶೆಡ್ಡಿನಲ್ಲಿ ಮಣೂಕ, ಅಂದರೆ ಒಣದ್ರಾಕ್ಷಿ, ಆರಿಸುತ್ತಿದ್ದ ವಯಸ್ಸಾದ ಆಯಿಯೊಬ್ಬರು, "ಏನ್ ಮಾಡಾಕ ಬಂದೀ ಯವ್ವಾ?" ಎಂದು ಕೇಳಿದರು.

ನಾನು ಕ್ರಮವಾಗಿ ಹೇಳಿದೆ. ಮಾತು, ವಿಡಿಯೋ ಎಲ್ಲವೂ ತರಂಗಾಂತರದ ಮೇಲೆ ಹೋಗುತ್ತವೆ. ಅದು ಇರುವುದೇ ಇಷ್ಟು. ಮೊದಲು ಪ್ರತಿ ಟವರಿಗೂ ಕಾಯಂ ಪಾಲು ಇತ್ತು, ಬಳಸಲಿ ಬಿಡಲಿ. ಈಗ ಯಾವ ಟವರಿಗೆ ಯಾವಾಗ ಬೇಕೋ ಆವಾಗ ಪಾಲು ಅತ್ತ ಸರಿಯುತ್ತದೆ.

"ಪಂಕ್ತ್ಯಾಗ ಎಲ್ಲಾರಿಗೂ ನಾಕ್ನಾಕ ರೊಟ್ಟಿ ಹಾಕ್ತಾರೇನು? ತಾಟ ನೋಡಿ ಹಾಕೂದು," ಎಂದರು ಆಯಿ.

"ಹೂಂ, ಅದ."

"ಇದಕ್ಕ ಎಷ್ಟ ವರ್ಷ ಓದೀ?"

"ಐದು."

ಆಯಿ ಒಂದು ಮುಷ್ಟಿ ಮಣೂಕ ನನ್ನ ಕೈಗೆ ಹಾಕಿದರು.

೩. ಜೈನಾಪುರ

ಆಯಿಯ ಉದಾಹರಣೆ ನನಗೆ ಹಿಡಿಸಿತು. ಅದನ್ನೇ ಜೈನಾಪುರದಲ್ಲಿ ಹೇಳಿದೆ. ಅದೇ ತಪ್ಪಾಯಿತು.

ಜೈನಾಪುರ ಮತ್ತು ಬಬಲೇಶ್ವರದ ಟವರುಗಳೆರಡಕ್ಕೂ ಸೇರಿ ಒಂದೇ ಪಾಲು. ದೂರುಗಳೆಲ್ಲ ಜೈನಾಪುರದಿಂದ, ಫೋನಿನ ಆ್ಯಪ್ ಮೂಲಕ ಬರುತ್ತಿದ್ದವು. ಕೊನೆಯ ವಾರಕ್ಕೆ ಮುಂಚಿನ ಒಂದೇ ವಾರದಲ್ಲಿ ಮೂವತ್ತನಾಲ್ಕು. ಕಟ್ಟೆಯ ಮೇಲೆ ಹತ್ತು ಜನರನ್ನು ಕೂಡಿಸಿ ತಾಟು, ರೊಟ್ಟಿ, ಪಂಕ್ತಿ ಎಲ್ಲ ವಿವರಿಸಿದೆ.

ಒಬ್ಬ ಅಜ್ಜ ಕೇಳಿದರು: "ಅಂದ್ರ ನಾವು ಸುಮ್ನ ಕುಂತ್ರ ನಮ್ಮ ರೊಟ್ಟಿ ಬಬಲೇಶ್ವರಕ್ಕ ಹೋಗ್ತೈತಿ?"

"ಹೌದ್ರಿ."

ಎಲ್ಲರೂ ತಲೆಯಾಡಿಸಿದರು. ಅರ್ಥವಾಯಿತೆಂದು ಖುಷಿಯಿಂದ ಬಂದೆ.

ಕೊನೆಯ ವಾರ ಸೋಮವಾರದಿಂದಲೇ ಜೈನಾಪುರದ ಬಳಕೆ ತೋರಿಸುವ ಗೆರೆ ನನ್ನ ಪರದೆಯ ತುದಿಗೆ ಏರಿ ಕುಳಿತಿತು, ಇಳಿಯಲೇ ಇಲ್ಲ. ಶನಿವಾರ ಗಾಬರಿಯಿಂದ ಹೋದೆವು. ಕಟ್ಟೆ ಮೇಲೆ, ಕಿಟಕಿಯಲ್ಲಿ, ದನಕ್ಕೆ ಮೇವು ಹಾಕುವ ಗ್ವಾದಲಿ ಮೇಲೆ, ಎಲ್ಲಿ ನೋಡಿದರಲ್ಲಿ ಫೋನು, ಎಲ್ಲದರಲ್ಲೂ ವಿಡಿಯೋ. ನೋಡುವವರು ಮಾತ್ರ ಯಾರೂ ಇಲ್ಲ.

"ಇದೇನ್ರಿ ಅಜ್ಜಾರ?"

"ನಮ್ಮ ಪಾಲು ನಾವ್ಯಾಕ ಬಿಡೂನು? ಮುಂಜಾನಿಂದ ಸಂಜಿ ತನಕ ಹಚ್ಚಿ ಇಡ್ತೀವಿ."

"ನೀವು ನೋಡಾಕತ್ತಿಲ್ಲಲ್ರಿ."

"ನಾವ್ ನೋಡದಿದ್ರ ಏನಾತು? ಎಮ್ಮಿ ನೋಡ್ತೈತಿ."

ಚಾಚಾ ಬಗ್ಗಿ ನೋಡಿ ನನ್ನ ಕಿವಿಯಲ್ಲಿ ಹೇಳಿದರು: "ಅದೂ ನೋಡಾಕತ್ತಿಲ್ಲ ಮೇಡಂ."

"ಈ ವಾರ ದೂರು ಏನರ ಅದಾವೇನ್ರಿ?" ಎಂದು ಅಂಜುತ್ತಲೇ ಕೇಳಿದೆ.

"ಬಾಳ ಅದಾವು. ಕಳಸೂನಂದ್ರ ಆ ಆ್ಯಪ್ ತೆರ್ಯವಲ್ದು. ಸೋಮವಾರದಿಂದ ಬರೇ ತಿರಗಾಕತ್ತೈತಿ."

ಬಂದ ಪಾಲನ್ನೆಲ್ಲ ಅವರ ವಿಡಿಯೋಗಳೇ ತಿನ್ನುತ್ತಿದ್ದವು, ದೂರು ಕಳಿಸುವುದಕ್ಕೂ ಏನೂ ಉಳಿಯುತ್ತಿರಲಿಲ್ಲ. ಇದನ್ನು ವರದಿಯಲ್ಲಿ ಒಂದು ಪುಟ ತುಂಬ, ಕಾರಣಸಹಿತ ಬರೆದೆ. ಮೇಲಧಿಕಾರಿ ಕೋಷ್ಟಕವನ್ನಷ್ಟೇ ಓದಿದರು. ಫೋನ್ ಮಾಡಿ ಅಭಿನಂದಿಸಿದರು, ಜೈನಾಪುರದ ಮಾದರಿಯನ್ನು ಕನಮಡಿ ಊರಿಗೂ ತನ್ನಿ ಎಂದರು. ಚಾಚಾ ಅಂದೇ ಕಾರು ತೊಳೆದರು.

ಈಗ ಈ ಅಳತೆಗೆ ಕಾರು ಬೇಕಿಲ್ಲ, ಕುಳಿತಲ್ಲೇ ಅಂಕಿ ಬರುತ್ತದೆ. ಆದರೂ ಆ ಹಳೆಯ ಕೋಷ್ಟಕ ನನ್ನ ಹತ್ತಿರ ಇದೆ. ಅದರ ಕೊನೆಯ ಸಾಲು ಹೀಗಿದೆ: ಜೈನಾಪುರ, ಕೊನೆಯ ವಾರ, ಬಂದ ದೂರುಗಳು, ಸೊನ್ನೆ.