ಆಡಿಟರ ಕೊರೆತವೂ ಒಂದು ತೊಟ್ಟಿಲೂ

ತಾನು ಕೈಯಾರೆ ಮಾಡಿಕೊಟ್ಟ ತೊಟ್ಟಿಲು ತಂಗಿಯ ಮನೆಯ ಅಡುಗೆಕೋಣೆಯಲ್ಲಿರುವುದನ್ನೂ ಅದರೊಳಗೆ ಈರುಳ್ಳಿ ಸುಖವಾಗಿ ಮಲಗಿರುವುದನ್ನೂ ಕಂಡ ದಿನ ಆಡಿಟರ ಕಣ್ಣಲ್ಲಿ ನೀರು ಬಂತು. (ಈರುಳ್ಳಿಯನ್ನು ಯಾರೂ ಇನ್ನೂ ಹೆಚ್ಚಿರಲಿಲ್ಲ.)

"ಚೆನ್ನಾಗಿ ಗಾಳಿ ಆಡುತ್ತೆ ಅಣ್ಣ, ಒಂದೂ ಕೊಳೆಯಲ್ಲ," ಎಂದು ತಂಗಿ ಸಮಾಧಾನ ಹೇಳಿದಳು. "ನಿನ್ನ ಕೆಲಸ ಅಂದ್ರೆ ಕೆಲಸ."

ನಿವೃತ್ತರಾಗಿ ಬಹಳ ಕಾಲವಾಗಿದ್ದರೂ ಮನೆಮಂದಿಗೆಲ್ಲ ಅವರು ಆಡಿಟರೇ. ಬೇರೆಯವರ ತಪ್ಪು ಹುಡುಕುವುದರಲ್ಲೇ ಆಯುಷ್ಯ ಸವೆಸಿದವರು, ಸ್ವಂತ ತಪ್ಪು ಮಾಡಿ ನೋಡುವ ಆಸೆಯಿಂದಲೋ ಏನೋ, ಗರಗಸ ಹಿಡಿದರು. ನೆಂಟರಲ್ಲಿ ಯಾರಾದರೂ ಬಸುರಿ ಎಂದು ಕಿವಿಗೆ ಬಿದ್ದರೆ ಸಾಕು, ಒಂದು ತೊಟ್ಟಿಲು ತಯಾರು. ಅವರ ಮೂಲಮಂತ್ರ ಭದ್ರತೆ. ಪ್ರತಿ ತೊಟ್ಟಿಲಿನಲ್ಲೂ ತುಂಬಿದ ಗ್ಯಾಸ್ ಸಿಲಿಂಡರ್ ಮಲಗಿಸಿ ಪರೀಕ್ಷಿಸುತ್ತಿದ್ದರು. ಸಿಲಿಂಡರ್ ಒಮ್ಮೆಯೂ ಬೀಳಲಿಲ್ಲ. ಆದರೆ ಆ ತೊಟ್ಟಿಲು ತೂಗಲು ಇಬ್ಬರು ಗಟ್ಟಿ ಆಳು ಬೇಕಾಗುತ್ತಿತ್ತು. ಭೂಕಂಪವಾದರೆ ಇಡೀ ಮನೆಯಲ್ಲಿ ತೂಗದೆ ನಿಲ್ಲುವ ವಸ್ತು ಅದೊಂದೇ. ಹೀಗಾಗಿ ತಂಗಿಯ ಮನೆಯದು ಈರುಳ್ಳಿಯ ಪಾಲಾಯಿತು. ಅಣ್ಣನ ಮಗನ ಮನೆಯದರಲ್ಲಿ ಬೆಕ್ಕು ಮರಿ ಹಾಕಿತು (ಆಡಿಟರ ತೊಟ್ಟಿಲಲ್ಲಿ ಹಸುಗೂಸುಗಳು ಮಲಗಿದ್ದು ಅದೊಂದೇ ಸಲ). ಹೆಂಡತಿಯ ತಮ್ಮ ತನಗೆ ಬಂದದ್ದನ್ನು ಬಾಗಿಲ ಪಕ್ಕ ಇಟ್ಟು ಚಪ್ಪಲಿ ತುಂಬಿಸಿದ.

"ಭಾವ, ನೀವು ಮಾಡೋದು ತೂಗೋ ತೊಟ್ಟಿಲಲ್ಲ, ತೂಕದ ತೊಟ್ಟಿಲು," ಎಂದು ಅವನು ನಾಲ್ಕು ಜನರೆದುರು ನಕ್ಕಿದ್ದು ಆಡಿಟರ ಎದೆಯಲ್ಲಿ ಸಿಬಿರಿನಂತೆ ಮುರಿದು ಉಳಿದಿತ್ತು.

ಅಷ್ಟರಲ್ಲಿ ಸ್ವಂತ ಸೊಸೆಯೇ ಬಸುರಿಯಾದಳು.

"ಈ ಸಲದ್ದು ಒಂದೇ ಬೆರಳಲ್ಲಿ ತೂಗಬೇಕು," ಎಂದು ಆಡಿಟರು ಊಟದ ಮೇಜಿನ ಬಳಿ ಘೋಷಿಸಿದರು. "ನನ್ನ ಮೊಮ್ಮಗು ನನ್ನ ತೊಟ್ಟಿಲಲ್ಲೇ ಮಲಗುತ್ತೆ. ನಿನ್ನ ತಮ್ಮನ್ನ ಕರೆಸಿ ತೋರಿಸ್ತೀನಿ."

"ಅವನ ಮೇಲಿನ ಸಿಟ್ಟನ್ನ ಆ ಕೂಸಿನ ಮೇಲೆ ಯಾಕ್ರೀ ತೀರಿಸ್ತೀರಿ?" ಎಂದಳು ಹೆಂಡತಿ.

ಸೊಸೆಯ ಕೋಣೆಗೆ ಅಂಟಿಕೊಂಡ ಬಾಲ್ಕನಿ ಕಾರ್ಯಾಗಾರವಾಯಿತು. ತಿಂಡಿಯಾದ ಮೇಲೆ ಶುರುವಾದ ಗರ್ರ್-ಗುರ್ರ್ ಊಟದ ಹೊತ್ತಿಗೆ ಉಸಿರೆಳೆದುಕೊಂಡು ಮತ್ತೆ ಸಂಜೆಯವರೆಗೆ ಸಾಗುತ್ತಿತ್ತು. ಒಣಹಾಕಿದ ಬಟ್ಟೆಯಲ್ಲಿ, ಸಾರಿನಲ್ಲಿ, ಹೆಂಡತಿಯ ಕನ್ನಡಕದ ಮೇಲೆ, ಎಲ್ಲೆಲ್ಲೂ ಮರದ ಪುಡಿ.

"ಆಫೀಸಲ್ಲಿ ಅಷ್ಟು ವರ್ಷ ಕೊರೆದದ್ದು ಸಾಲದೂಂತ ಈಗ ಮನೇಲೂ ಕೊರೀತಿದ್ದೀರಲ್ಲ!" ಎಂದಳು ಹೆಂಡತಿ.

ಈ ಮಾತಿಗೆ ಹಿನ್ನೆಲೆಯಿತ್ತು. ಸಭೆಗಳಲ್ಲಿ ಆಡಿಟರು ಬಾಯಿ ತೆರೆದರೆ ಸುತ್ತಲಿನವರ ಕಣ್ಣು ಮುಚ್ಚುತ್ತಿತ್ತು. ಅವರ ಬೀಳ್ಕೊಡುಗೆಯ ದಿನ, ಅವರದೇ ಭಾಷಣದ ನಡುವೆ, ಮೇಲಧಿಕಾರಿ ಗೊರಕೆ ಹೊಡೆದದ್ದಕ್ಕೆ ಮುಂದಿನ ಸಾಲಿನಲ್ಲಿ ಕೂತಿದ್ದ ಹೆಂಡತಿಯೇ ಸಾಕ್ಷಿ.

"ಸೊಸೆ ಒಂದು ದಿನವೂ ತಕರಾರು ಮಾಡಿಲ್ಲ," ಎಂದರು ಆಡಿಟರು.

"ಅವಳು ಕಿವಿಗೆ ಹತ್ತಿ ಇಟ್ಕೊಂಡಿದ್ದಾಳೆ ರೀ."

ಹತ್ತಿ ತಾಯಿಯ ಕಿವಿಯಲ್ಲಿತ್ತು, ನಿಜ. ಹೊಟ್ಟೆಯೊಳಗಿನ ಕಿವಿಗಳ ಯೋಚನೆ ಯಾರಿಗೂ ಬರಲಿಲ್ಲ.

ಮಗು ಮನೆಗೆ ಬಂದ ದಿನ ಭಾವಮೈದುನನಿಗೆ ವಿಶೇಷ ಆಹ್ವಾನ ಹೋಯಿತು. ನಡುಮನೆಯಲ್ಲಿ ತೊಟ್ಟಿಲು ನಿಂತಿತ್ತು. ತೆಳ್ಳನೆಯ ಪಟ್ಟಿಗಳು, ರೇಷ್ಮೆಯಂತೆ ಉಜ್ಜಿದ ಅಂಚು. ಭಾವಮೈದುನ ಕಿರುಬೆರಳು ತಾಗಿಸಿದ. ತೊಟ್ಟಿಲು ಸದ್ದೇ ಇಲ್ಲದೆ ತೂಗಿತು. ಅವನ ಮುಖ ಚಿಕ್ಕದಾಯಿತು.

"ಪರವಾಗಿಲ್ಲ ಭಾವ," ಎಂದ, ಹಲ್ಲು ಕೀಳಿಸಿಕೊಂಡವನಂತೆ.

ಆಡಿಟರು ಆ ಕ್ಷಣದಲ್ಲಿ ಇನ್ನೊಂದಂಗುಲ ಎತ್ತರವಾದರು. ಸೊಸೆ ಮಗುವನ್ನು ಮಲಗಿಸಿದಳು. ಮಗು ಒಮ್ಮೆ ಸುತ್ತ ನೋಡಿ ಮನೆ ಹಾರಿಹೋಗುವಂತೆ ಕಿರುಚಿತು. ಆಡಿಟರು ತೂಗಿದರು, ಇನ್ನಷ್ಟು ಅತ್ತಿತು. ಹೆಂಡತಿ ತೂಗಿದಳು, ನೀಲಿಗಟ್ಟಿತು. ಮಗ ಗಿಲಕಿ ಆಡಿಸಿದ, ಅದಕ್ಕೆ ಬೇರೆಯೇ ಒಂದು ರಾಗ ತೆಗೆಯಿತು.

"ಅಳತೆ ಏನೋ ಸರಿಯಾಗಿದೆ ಭಾವ," ಎಂದ ಭಾವಮೈದುನ, ಮುಖ ಮತ್ತೆ ಅಗಲವಾಗಿಸಿ. "ಆದ್ರೆ ಅಳುತ್ತೆ."

ಸೊಸೆ ಮಗುವನ್ನು ಎತ್ತಿಕೊಂಡು ಕೋಣೆಗೆ ಹೋದಳು. ಆಡಿಟರು ಯಾರ ಮುಖವನ್ನೂ ನೋಡಲಾರದೆ ಬಾಲ್ಕನಿಗೆ ಹೋಗಿ, ಕೈಗೆ ಏನಾದರೂ ಕೆಲಸ ಬೇಕೆಂದು ಉಳಿದಿದ್ದ ತುಂಡಿನ ಮೇಲೆ ಗರಗಸ ಎಳೆದರು. ಗರ್ರ್.

ಒಳಗೆ ಅಳು ಗಕ್ಕನೆ ನಿಂತಿತು.

ಗುರ್ರ್.

"ಮಾವ," ಸೊಸೆ ಕಿಟಕಿಯಿಂದ ಪಿಸುಗುಟ್ಟಿದಳು, "ಮಲಗಿಬಿಡ್ತು!"

ಆಡಿಟರು ಗರಗಸ ಕೆಳಗಿಟ್ಟು ಒಳಗೆ ಓಡಿದರು. ಅವರು ಹೊಸ್ತಿಲು ದಾಟುವಷ್ಟರಲ್ಲಿ ಮಗು ಕಿಟಾರನೆ ಕಿರುಚಿತು.

ತೀರ್ಪು ಕೊಟ್ಟವಳು ಹೆಂಡತಿ. "ಒಂಬತ್ತು ತಿಂಗಳು ಹೊಟ್ಟೇಲಿ ಅದು ಕೇಳಿದ್ದು ನಿಮ್ಮ ಕೊರೆತ ಒಂದೇ. ಅದಿಲ್ಲದೆ ಹೇಗೆ ಮಲಗೀತು? ನೀವು ಕೊರೆದ್ರೆ ನಿದ್ದೆ ಬರೋದು ಈ ಲೋಕಕ್ಕೆ ಹೊಸದೇನಲ್ಲ ಬಿಡಿ. ನಡೀರಿ, ಕೊರೀರಿ."

ಭಾವಮೈದುನ ನಕ್ಕು ನಕ್ಕು ಸೋಫಾದಿಂದ ಜಾರಿ ನೆಲಕ್ಕೆ ಬಂದ.

ಅಂದಿನಿಂದ ಮಗು ಮಲಗುವುದು ತಾಯಿಯ ಹಾಸಿಗೆಯಲ್ಲಿ, ತಾತ ನಿಲ್ಲುವುದು ಬಾಲ್ಕನಿಯಲ್ಲಿ. ಮಗ ಆ ಸದ್ದನ್ನು ಮೊಬೈಲಿನಲ್ಲಿ ಹಿಡಿದು ಕೇಳಿಸಿದ. ಮಗು ಅಸಲಿ ನಕಲಿಯ ವ್ಯತ್ಯಾಸವನ್ನು ತಕ್ಷಣ ಪತ್ತೆಹಚ್ಚಿತು (ಆಡಿಟರ ರಕ್ತವಲ್ಲವೇ). ಸ್ನಾನಕ್ಕೆ ಇಳಿದಿರಲಿ, ತುತ್ತು ಬಾಯಿಗೆ ಹೋಗುತ್ತಿರಲಿ, "ಮಾವ, ಕೊರೀರಿ!" ಎಂಬ ಕರೆ ಬರುತ್ತಿತ್ತು. ಚೂರುಪಾರು ಮರ ಮುಗಿಯಿತು. ಕುಂಟು ಸ್ಟೂಲು ಹೋಯಿತು. ಮಗ ಬಾಲ್ಯದಿಂದ ಕಾಪಾಡಿಕೊಂಡ ಕ್ರಿಕೆಟ್ ಬ್ಯಾಟು, ಅವನು ಆಫೀಸಿನಲ್ಲಿದ್ದಾಗ, ಒಂದು ಮಧ್ಯಾಹ್ನದ ನಿದ್ದೆಗಾಯಿತು.

ಒಂದು ಭಾನುವಾರ ಮನೆಯಲ್ಲಿ ಕೊರೆಯಲು ಒಂದು ಕಡ್ಡಿಯೂ ಇರಲಿಲ್ಲ, ಮರದ ಅಂಗಡಿ ಮುಚ್ಚಿತ್ತು, ಮಗು ಶುರುಮಾಡಿತ್ತು. ಹೆಂಡತಿ ಸುತ್ತ ಕಣ್ಣಾಡಿಸಿ ನಡುಮನೆಯತ್ತ ನೋಡಿದಳು. ಆಡಿಟರೂ ನೋಡಿದರು.

"ಅದೊಂದು ಮಾತ್ರ ಬೇಡ ಕಣೇ."

"ನಿಮ್ಮ ತೊಟ್ಟಿಲಿಂದಲೇ ಮೊಮ್ಮಗು ಮಲಗಬೇಕು ಅಂದಿದ್ರಲ್ಲ?"

"ತೊಟ್ಟಿಲಲ್ಲಿ ಅಂದಿದ್ದೆ. ತೊಟ್ಟಿಲಿಂದ ಅಂದಿರಲಿಲ್ಲ!"

ಒಳಗೆ ಅಳು ತಾರಕಕ್ಕೇರಿತು. ಆಡಿಟರು ತೊಟ್ಟಿಲನ್ನು ಬಾಲ್ಕನಿಗೆ ಎಳೆದು ತಂದರು. ಅಲ್ಲಿಯೂ ಅದು ಒಂದೇ ಬೆರಳಿಗೆ ನಯವಾಗಿ ತೂಗಿತು. ಕಣ್ಣು ಮುಚ್ಚಿಕೊಂಡು ಮೊದಲ ಪಟ್ಟಿಗೆ ಗರಗಸ ಇಟ್ಟರು. ಮಗು ತೆಪ್ಪಗಾಯಿತು. ಅಷ್ಟರಲ್ಲಿ ಭಾವಮೈದುನನ ಫೋನು ಬಂತು. ಹೆಂಡತಿ ಅದನ್ನು ಆಡಿಟರ ಕಿವಿಗೆ ಹಿಡಿದಳು. ಅವರ ಎರಡೂ ಕೈಗೆ ಬಿಡುವಿರಲಿಲ್ಲ.

"ಭಾವ, ಅಕ್ಕ ಹೇಳಿದ್ಲು. ಚಪ್ಪಲಿ ತೆಗೆದಿಟ್ಟು ನಮ್ಮನೇದನ್ನ ನಾಳೆ ಕಳಿಸಿಕೊಡ್ತೀನಿ. ಅದು ದಪ್ಪ ಇದೆ, ಮಗು ಸ್ಕೂಲಿಗೆ ಹೋಗೋವರೆಗೂ ಬರುತ್ತೆ."

ಆಡಿಟರು ಗರಗಸ ಎಳೆಯುತ್ತಲೇ ಇದ್ದರು. ಒಂದು ತುಂಡು ಕೆಳಗೆ ಬಿತ್ತು. ಹೆಂಡತಿ ಫೋನಿಟ್ಟು, ಬಗ್ಗಿ, ಬಿದ್ದ ತುಂಡನ್ನು ಎತ್ತಿ ನೋಡಿದಳು.

"ರೀ, ಇಷ್ಟು ದಪ್ಪ ದಪ್ಪ ಕೊರೀಬೇಡಿ," ಎಂದಳು ಮೆಲ್ಲಗೆ, ಮಗು ಏಳದಂತೆ. "ಸಂಜೆ ನಿದ್ದೆಗೂ ಬೇಕಲ್ಲ."